ಬೇಳೆ ಡಬ್ಬಿ ಹಿಡಿದು ಮನೆ ನೋಡಿದ ಮಾವಿನ ಕಾಲ

ಖಾಲಿ ಮನೆಗೆ ಅದರದೇ ಒಂದು ವಾಸನೆ ಇರುತ್ತದೆ. ನೆಲ ತೊಳೆದ ಫಿನಾಯಿಲ್, ಗೋಡೆಗೆ ಅಂಟಿಕೊಂಡ ಒಗ್ಗರಣೆ, ಮೂಲೆಯಲ್ಲೆಲ್ಲೋ ಉಳಿದ ಲೋಬಾನದ ಹೊಗೆ. ಹೋದ ವಾರ ಕೋಲಾರದ ನನ್ನ ಮನೆಯ ಬೀಗ ತೆಗೆದಾಗ ಈ ಮೂರೂ ಒಟ್ಟಿಗೇ ಮೂಗಿಗೆ ಬಂದವು. ನಾನು ಆ ಮನೆ ಕೊಳ್ಳುವ ಮೊದಲಿನಿಂದಲೂ ಅಲ್ಲಿ ಬಾಡಿಗೆಗಿದ್ದ ಮುಬೀನಾ ಸ್ವಂತ ಮನೆ ಕಟ್ಟಿಕೊಂಡು ಹೋಗಿದ್ದಳು. ಹೊಸಬರಿಗೆ ಕೊಡುವ ಮುಂಚೆ ಒಮ್ಮೆ ನೋಡಿಬರೋಣವೆಂದು ಬೆಳಗಿನ ಬಸ್ಸಿಗೆ ಬಂದಿದ್ದೆ. "ನೀನ್ ಹೋಗಿರು, ನಾನ್ ಗಾಡೀಲಿ ಬರ್ತೀನಿ," ಎಂದು ಅತ್ತಿಗೆ ಶ್ರೀನಿವಾಸಪುರದಲ್ಲೇ ಉಳಿದಿದ್ದಳು. ಅವಳು ಬರುವ ತನಕ ಮಾಡಲು ಕೆಲಸವಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ನಿಂತಲ್ಲೇ ಈ ಮನೆ ಕೊಂಡ ವರ್ಷದ ಆ ಮಾವಿನ ಕಾಲವೆಲ್ಲ ನೆನಪಾಯಿತು.

ನಾನು ಟೈಲರ್. ಮುಳಬಾಗಿಲಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ಸಮೇತ ಶ್ರೀನಿವಾಸಪುರದ ಅಣ್ಣನ ಮನೆಗೆ ವಾಪಸ್ಸು ಬಂದವಳು. ಅಣ್ಣನಿಗೆ ಮಾವಿನ ಮಂಡಿಯಲ್ಲಿ ತೂಕ ಬರೆಯುವ ಕೆಲಸ. ಅತ್ತಿಗೆ ರತ್ನಮ್ಮ ಗೌನಿಪಲ್ಲಿಯವಳು, ಬಾಯಿ ತೆಗೆದರೆ ಅರ್ಧ ತೆಲುಗು. ನನಗಿಂತ ಎರಡೇ ವರ್ಷ ದೊಡ್ಡವಳು, ಹಾಗಾಗಿ ನಮ್ಮಿಬ್ಬರದು ಮೊದಲಿನಿಂದಲೂ ಏಕವಚನ. ನಾನು ಬಂದ ದಿನವೇ ಅವಳು ಬೀದಿ ಕಡೆಯ ಕೋಣೆ ಖಾಲಿ ಮಾಡಿಸಿ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ನನ್ನ ಮೆಷಿನ್ ಇಡಿಸಿದಳು. ಅದೇ ಜಾಗದಲ್ಲಿ ಕೂತು ಆ ಊರಿನ ಎರಡು ತಲೆಮಾರಿನ ಹೆಂಗಸರಿಗೆ ರವಿಕೆ ಹೊಲಿದಿದ್ದೇನೆ. ಅಳತೆ ಟೇಪು ಇಲ್ಲದೆಯೂ ಯಾರು ಎಷ್ಟು ದಪ್ಪಗಾಗಿದ್ದಾರೆಂದು ಹೇಳಬಲ್ಲೆ. ಹೇಳುವುದಿಲ್ಲ, ಅಷ್ಟೇ.

ಆ ವರ್ಷ ಬಲ ಭುಜ ಹಿಡಿದುಕೊಂಡಿತು. ಜಡೆ ಹೆಣೆದುಕೊಳ್ಳಲು ಕೈ ಎತ್ತಿದರೆ ಜೀವ ಹೋಗುವಂಥ ನೋವು. ಡಾಕ್ಟರು ನೋಡಿ, ಇನ್ನು ಮೆಷಿನ್ ಕೆಲಸ ಕಡಿಮೆ ಮಾಡುತ್ತ ಬನ್ನಿ, ಒಂದು ದಿನ ಪೂರ್ತಿ ನಿಲ್ಲಿಸಬೇಕಾಗುತ್ತೆ ಅಂದರು. ಅಂದು ರಾತ್ರಿ ಊಟ ಸೇರಲಿಲ್ಲ. ಮೆಷಿನ್ ಓಡುವ ತನಕ ನಾನು ಆ ಮನೆಯಲ್ಲಿ ತಲೆ ಎತ್ತಿ ಇದ್ದವಳು. ತರಕಾರಿ ನಾನು ತರುತ್ತಿದ್ದೆ, ಹಾಲಿನವನಿಗೆ ನಾನು ಕೊಡುತ್ತಿದ್ದೆ. ಮೆಷಿನ್ ನಿಂತ ಮೇಲೆ? ನನ್ನ ಅಣ್ಣ ಒಂದು ಮಾತು ಆಡುವವನಲ್ಲ. ಆದರೆ ಆಡದೇ ಇದ್ದಾನೆ ಎಂಬುದೇ ನನ್ನನ್ನು ತಿನ್ನುತ್ತಿತ್ತು.

ಮುಳಬಾಗಿಲಿನಲ್ಲಿ ಗಂಡನ ಹೆಸರಿನಲ್ಲಿದ್ದ ಸೈಟು ಮಾರಿದ ಹಣ ನನ್ನ ಹತ್ತಿರವಿತ್ತು. ಚೀಟಿ ಕಟ್ಟಿ ಉಳಿಸಿದ್ದೂ ಇತ್ತು. ಒಂದು ಚಿಕ್ಕ ಮನೆ ಕೊಂಡು ಬಾಡಿಗೆಗೆ ಕೊಡೋಣ, ಮೆಷಿನ್ ದುಡಿಯುವಷ್ಟು ಆ ಮನೆ ದುಡಿಯಲಿ ಅಂತ ಯೋಚನೆ ಮಾಡಿದೆ. ಅಣ್ಣ, "ಬ್ಯಾಂಕಲ್ಲಿ ಹಾಕಿ ಸುಮ್ನಿರಮ್ಮ," ಅಂದ. ಅತ್ತಿಗೆ ಮಾತ್ರ ಕೆರಳಿದಳು.

"ನಾನ್ ಹಾಕೋ ಅನ್ನ ಸಾಲ್ದಾ ನಿಂಗೆ?"

"ಅದಲ್ಲ ಅತ್ತಿಗೆ. ಮೆಷಿನ್ ನಿಂತ್ರೆ ನಿಮ್ ಮನೇಲಿ ಸುಮ್ನೆ ಕೂತ್ಕೊಂಡ್ ತಿನ್ಲಾ?"

"ನಿಮ್ ಮನೇನಾ? ಏಮೇ ಲಕ್ಷ್ಮೀ, ಇಷ್ಟ್ ವರ್ಷ ನೀನಿಲ್ಲಿ ನೆಂಟರ ಥರ ಇದ್ಯಾ?"

ಮುಖ ಊದಿಸಿಕೊಂಡು ಓಡಾಡಿದಳು. ಪಾತ್ರೆಗಳೆಲ್ಲ ದಡಬಡ ಸದ್ದು ಮಾಡಿದವು. ಎರಡು ದಿನ ಕಳೆದು ಬೆಳಿಗ್ಗೆ ನೋಡಿದರೆ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಅಣ್ಣನ ಹಳೆಯ ಮೊಪೆಡ್ಡಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ಹೊರಡು. ನಿನ್ನೊಬ್ಳನ್ನೇ ಬಿಟ್ರೆ ಟೈಲ್ಸ್ ಬಣ್ಣ ನೋಡಿ ಮನೆ ತಗೊಂಡ್ ಬರ್ತೀಯ."

ಹಾಗೆ ಶುರುವಾಯಿತು ನಮ್ಮ ಮನೆ ನೋಡುವ ಕಾಲ. ಶ್ರೀನಿವಾಸಪುರದಲ್ಲಿ ಆಗ ಮಾವಿನ ಭರಾಟೆ. ರಸ್ತೆಯ ಎರಡೂ ಕಡೆ ಲಾರಿ, ಟ್ರ್ಯಾಕ್ಟರು, ಹುಲ್ಲು ಹಾಸಿದ ಕ್ರೇಟು. ಗಾಳಿಗೆಲ್ಲ ಸೊನೆಯ ಹುಳಿ ವಾಸನೆ. ಅಣ್ಣ ಮಂಡಿ ಬಿಟ್ಟು ಅಲುಗಾಡುವಂತಿರಲಿಲ್ಲ, ಊಟ ಅಲ್ಲಿಗೇ ಹೋಗುತ್ತಿತ್ತು. ನಾವಿಬ್ಬರೂ ಬಿಸಿಲೇರುವ ಮುಂಚೆ ಹೊರಡುತ್ತಿದ್ದೆವು. ಅತ್ತಿಗೆ ಮುಂದೆ, ನಾನು ಹಿಂದೆ, ನನ್ನ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ತೊಗರಿಬೇಳೆ.

ಬೇಳೆಯ ವಿಷಯ ಹೇಳಬೇಕು. ನಮ್ಮ ಕಡೆ ಬೋರ್‌ವೆಲ್ಲುಗಳು ಎಷ್ಟು ಆಳಕ್ಕೆ ಹೋಗಿವೆಯೆಂದರೆ, ಬರುವ ನೀರು ಒಂದೊಂದು ಬೀದಿಯಲ್ಲಿ ಒಂದೊಂದು ಥರ. ಉಪ್ಪು ನೀರಾದರೆ ಸೋಪು ನೊರೆ ಬರುವುದಿಲ್ಲ, ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಎಷ್ಟು ಹೊತ್ತು ಕುಕ್ಕರಿನಲ್ಲಿ ಕೂತರೂ ಕಾಳುಕಾಳಾಗಿಯೇ ಇರುತ್ತದೆ. ಅತ್ತಿಗೆಯ ಪ್ರಕಾರ ಬಾಡಿಗೆ ಮನೆಯ ಗುಟ್ಟೆಲ್ಲ ಅಲ್ಲೇ ಇತ್ತು.

"ಬಾಡಿಗೆ ಎಷ್ಟು ಬರುತ್ತೆ ಅಂತ ಕೇಳ್ಬೇಡ ಕಣೇ. ಬಂದವ್ರು ಎಷ್ಟ್ ದಿನ ನಿಲ್ತಾರೆ ಅಂತ ಕೇಳು. ಮನೆ ಖಾಲಿ ಬಿದ್ರೆ ನಿಂಗೇನ್ ಬರುತ್ತೆ, ಮಣ್ಣು? ಪಪ್ಪು ಬೇಯ್ದೇ ಇರೋ ಮನೇಲಿ ಯಾವ ಹೆಂಗ್ಸೂ ವರ್ಷ ಪೂರ್ತಿ ಇರಲ್ಲ. ಗಂಡನ ತಲೆ ತಿಂದು ಖಾಲಿ ಮಾಡಿಸ್ತಾಳೆ."

ಮಾತು ಸರಿಯಾಗಿಯೇ ಇತ್ತು. ಹೀಗಾಗಿ ಹೋದ ಮನೆಯಲ್ಲೆಲ್ಲ ಅತ್ತಿಗೆ ಗೋಡೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿರಲಿಲ್ಲ, ಸೀದಾ ಅಡುಗೆಮನೆಗೆ ನುಗ್ಗಿ ಆ ಮನೆಯ ಹೆಂಗಸಿನ ಕೈಗೆ ಒಂದು ಹಿಡಿ ಬೇಳೆ ಕೊಟ್ಟು, "ಒಂಚೂರು ಬೇಯ್ಸಿಕೊಡಮ್ಮ," ಅನ್ನುತ್ತಿದ್ದಳು. ಜೊತೆಗಿದ್ದ ಬ್ರೋಕರ್ ಕಣ್ಣು ಕಣ್ಣು ಬಿಡುತ್ತಿದ್ದ. ಅಷ್ಟು ಹೊತ್ತು ನಾನು ಕೋಣೆ ಕೋಣೆ ಸುತ್ತುತ್ತಿದ್ದೆ. ನನಗೂ ಒಂದು ಚಾಳಿ ಇತ್ತು: ಎಲ್ಲ ಮನೆಯಲ್ಲೂ ಕಿಟಕಿಯ ಹತ್ತಿರ ನಿಂತು, ಇಲ್ಲಿ ಮೆಷಿನ್ ಇಟ್ಟರೆ ಬೆಳಕು ಎಡಗಡೆಯಿಂದ ಬೀಳುತ್ತದೆಯೇ ಎಂದು ನೋಡುವುದು. ಬಾಡಿಗೆಗೆ ಕೊಡುವ ಮನೆಯಲ್ಲಿ ನನ್ನ ಮೆಷಿನ್‌ಗೆ ಏನು ಕೆಲಸ, ಹೇಳಿ. ಆದರೂ ನೋಡುತ್ತಿದ್ದೆ.

ಮೊದಲು ನೋಡಿದ್ದೇ ಈ ಮನೆ, ಕೋಲಾರದ ಹೊರಗಿನ ಬಡಾವಣೆಯದು. ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಗೆಯುವ ಕಲ್ಲು. ಬಣ್ಣ ಹಾರಿ ಗೋಡೆ ಮಾಸಲಾಗಿತ್ತು. ಬಾಡಿಗೆಗಿದ್ದ ಮುಬೀನಾಳ ಗಂಡ ಟೊಮೆಟೊ ಮಾರ್ಕೆಟ್ಟಿನಲ್ಲಿ ಹಮಾಲಿ. ಮನೆ ಕೈ ಬದಲಾದರೆ ತನ್ನನ್ನು ಎಬ್ಬಿಸುತ್ತಾರೆಂದು ಅವಳ ಮುಖ ಬಾಡಿತ್ತು. ಬ್ರೋಕರ್ ಅವಳ ಎದುರಿಗೇ, "ನೀವು ಹೂಂ ಅನ್ನಿ ಮೇಡಂ, ಇವ್ರನ್ನ ಖಾಲಿ ಮಾಡಿಸ್ಕೊಡ್ತೀನಿ," ಅಂದ. ಅವಳು ಅತ್ತಿಗೆಯ ಕೈಯಿಂದ ಬೇಳೆ ತೆಗೆದುಕೊಂಡು, ನಲ್ಲಿ ತಿರುಗಿಸಿ ನೀರು ಹಿಡಿದು ಒಲೆಯ ಮೇಲಿಟ್ಟಳು. ಕುಕ್ಕರ್ ನಾಲ್ಕೈದು ಸಲ ಕೂಗಿತು. ಮುಚ್ಚಳ ತೆಗೆದರೆ ಬೇಳೆ ಮೆತ್ತಗಾಗಿತ್ತು, ಕರಗಿರಲಿಲ್ಲ. ಅತ್ತಿಗೆ ಎರಡು ಕಾಳು ಹಿಸುಕಿ ನೋಡಿ ಮೂಗು ಮುರಿದಳು.

"ಸ್ವಲ್ಪ ಲೇಟ್ ಆಗುತ್ತೆ ಅಕ್ಕಾ, ಅಷ್ಟೇ," ಅಂದಳು ಮುಬೀನಾ. "ನಾವು ದಿನಾ ಹಿಂಗೇ ಮಾಡೋದು."

ಹೊರಗೆ ಬಂದು ಗಾಡಿ ಹತ್ತುತ್ತ ಅತ್ತಿಗೆ, "ಸರಿಯಾಗಿ ಉಡಕಲೇದು, ಬೆಂದಿಲ್ಲ, ಬೇಡ," ಎಂದು ತೀರ್ಪು ಕೊಟ್ಟಳು. ನಾನೂ ಮಾಸಲು ಗೋಡೆಯನ್ನೇ ನೆನೆದು ತಲೆಯಾಡಿಸಿದೆ.

ಮುಳಬಾಗಿಲಿನಲ್ಲಿ ನೋಡಿದ ಮನೆಗೆ ಬೇಳೆ ಇಡುವವರೆಗೂ ಹೋಗಲಿಲ್ಲ. ಅತ್ತಿಗೆ ಎದುರುಮನೆಯ ಅಜ್ಜಿಯ ಹತ್ತಿರ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತು, ಆ ಮನೆಯ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಿರುವ ಕಥೆಯೆಲ್ಲ ಹೊರಡಿಸಿಕೊಂಡು ಬಂದಳು. ಮಾಲೂರಿಗೆ ಬಸ್ಸಿನಲ್ಲಿ ಹೋದೆವು. ರೈಲು ಹಳಿಯ ಹತ್ತಿರದ ಮನೆ. ಹೆಂಚಿನ ಕಾರ್ಖಾನೆಯವರು ಬಾಡಿಗೆಗೆ ಸಾಲುಗಟ್ಟುತ್ತಾರೆ ಎಂದು ಹೇಳಿದ್ದರು. ಬೇಳೆ ಕಲ್ಲಿನ ಹಾಗೆ ಉಳಿಯಿತು. ಪಕ್ಕದಲ್ಲೇ ಗೂಡ್ಸ್ ರೈಲು ಹೋದಾಗ ಕುಕ್ಕರ್ ತಾನೇ ತಾನಾಗಿ ಕಟ್ಟೆಯ ತುದಿಗೆ ಸರಿಯಿತು. ಅತ್ತಿಗೆ ಅದನ್ನು ಹಿಡಿದುಕೊಂಡು ನಕ್ಕ ನಗುವಿಗೆ ಮನೆಯವರೂ ನಕ್ಕುಬಿಟ್ಟರು.

ಸಂಜೆ ಮನೆಗೆ ಬಂದರೆ ಅಣ್ಣ ಮಂಡಿಯಿಂದ ಸೊನೆ ಮೆತ್ತಿದ ಕೈಯಲ್ಲೇ ಬಂದು, "ಇವತ್ತೂ ಬೇಳೆ ಬೇಯ್ಲಿಲ್ವಾ?" ಎಂದು ಕಿಚಾಯಿಸುತ್ತಿದ್ದ. ಅತ್ತಿಗೆ ಮುನಿಸಿಕೊಂಡು ಅವನಿಗೆ ಮಾವಿನಹಣ್ಣು ಹೆಚ್ಚಿಕೊಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ಆ ದಿನಗಳು ನನಗೆ ಬಲು ಇಷ್ಟವಾಗಿದ್ದವು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದ ನಾವಿಬ್ಬರು ಹೀಗೆ ಊರೂರು ಸುತ್ತಿರಲೇ ಇಲ್ಲ. ಸುಗಟೂರಿನ ಹತ್ತಿರ ಗಾಡಿ ನಿಲ್ಲಿಸಿ, ತೋಟದವರಿಂದ ಎಳೆ ಸೌತೆಕಾಯಿ ತೆಗೆದುಕೊಂಡು, ಉಪ್ಪುಖಾರ ಸವರಿ ರಸ್ತೆ ಬದಿಯಲ್ಲೇ ತಿನ್ನುತ್ತಿದ್ದೆವು. ಭುಜದ ನೋವು ಮರೆತೇಹೋಗುತ್ತಿತ್ತು.

ಆಮೇಲೆ ವೇಮಗಲ್ ಸಿಕ್ಕಿತು. ಕಾರ್ಖಾನೆಗಳ ಕಡೆಯ ರಸ್ತೆಯಲ್ಲಿ ಹೊಸ ಮನೆ. ದೊಡ್ಡದರಲ್ಲಿ ಮಾಲೀಕರು, ಮಾರಾಟಕ್ಕಿದ್ದದ್ದು ಪಕ್ಕದ ಚಿಕ್ಕ ಮನೆ. ಟೈಲ್ಸು ಫಳಫಳ. ಕಿಟಕಿಯ ಬೆಳಕು ಎಡಗಡೆಯಿಂದ. ಮಾಲೀಕರ ಹೆಂಡತಿ ಶಾರದಮ್ಮ ನಮ್ಮನ್ನು ಕಂಡ ಕೂಡಲೇ ಮಜ್ಜಿಗೆ ಕೊಟ್ಟು, ಕೋಸಂಬರಿ ಕೊಟ್ಟು, ಸಂಬಂಧಿಕರು ಬಂದಂತೆ ಉಪಚಾರ ಮಾಡಿದರು. ಬೇಳೆ ಕೊಟ್ಟಾಗ ಒಂದಿಷ್ಟೂ ಬೇಸರಪಡದೆ ತಮ್ಮ ಅಡುಗೆಮನೆಯಲ್ಲೇ ಇಟ್ಟರು. ಕುಕ್ಕರ್ ಎರಡೇ ಸಲ ಕೂಗಿದ್ದು. ಬೇಳೆ ಬೆಣ್ಣೆಯ ಹಾಗೆ ಕರಗಿಹೋಗಿತ್ತು.

"ಅಮ್ಮಾ ತಲ್ಲಿ!" ಅಂದಳು ಅತ್ತಿಗೆ. ನಾನು ಅಲ್ಲೇ ಮನಸ್ಸು ಮಾಡಿಬಿಟ್ಟೆ. ಮುಂದಿನ ವಾರ ಅಡ್ವಾನ್ಸ್ ತರುತ್ತೇನೆಂದು ಹೇಳಿ ಹೊರಟೆವು. ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ. ಆ ಕಿಟಕಿ ಎಷ್ಟು ಚೆನ್ನಾಗಿದೆ ಅಂತ ಎಷ್ಟು ಸಲ ಹೇಳಿದೆನೋ. ಅತ್ತಿಗೆ ಹೂಂ ಅಂದಳು, ಸೌತೆಕಾಯಿಗೆ ಗಾಡಿ ನಿಲ್ಲಿಸಲಿಲ್ಲ. ಬಿಸಿಲಿಗೆ ತಲೆನೋವು ಬಂದಿರಬೇಕು ಅಂದುಕೊಂಡೆ.

ಅಡ್ವಾನ್ಸ್ ಹಣವನ್ನು ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಹೋದಾಗ, ಶುಭಕೆಲಸವೆಂದು ಅತ್ತಿಗೆ ಇನ್ನೊಂದು ಹಿಡಿ ಬೇಳೆ ತಂದಿದ್ದಳು. ಶಾರದಮ್ಮ ಅದನ್ನು ತೆಗೆದುಕೊಂಡು ಒಳಗೆ ಹೋದವರು ಬರಿಗೈಯಲ್ಲಿ ಹೊರಗೆ ಬಂದರು.

"ಒಂಚೂರು ತಡ್ಕೊಳಿ, ಕ್ಯಾನ್ ಖಾಲಿಯಾಗ್ಬಿಟ್ಟೈತೆ. ನಮ್ ಯಜಮಾನ್ರು ಫಿಲ್ಟರ್ ನೀರು ತರೋಕೆ ಹೋಗವ್ರೆ."

"ಕುಡಿಯೋಕೆ ಬೇಡಮ್ಮ, ಬೇಳೆ ಇಟ್ರೆ ಸಾಕು," ಅಂದಳು ಅತ್ತಿಗೆ.

"ಬೇಳೆಗೇ ಹೇಳಿದ್ದು."

ಅತ್ತಿಗೆ ನನ್ನ ಮುಖ ನೋಡಿದಳು. "ಹೋದ ಸಲಾನೂ ಕ್ಯಾನ್ ನೀರಲ್ಲೇ ಇಟ್ರಾ?" ಎಂದು ನಾನೇ ಕೇಳಿದೆ.

ಶಾರದಮ್ಮನಿಗೆ ಅವಮಾನವಾದಂತೆ ಕಂಡಿತು. "ಮತ್ತೆ? ಮನೆಗ್ ಬಂದವ್ರಿಗೆ ನಲ್ಲಿ ನೀರಲ್ಲಿ ಬೇಯ್ಸಿ ಕೊಡ್ತಾರೇನ್ರೀ? ನಾವೇನ್ ಅಷ್ಟು ಗತಿ ಇಲ್ದೋರಾ?"

ಅವರ ಮಾತಿನಲ್ಲಿ ಒಂದಿಷ್ಟೂ ಮೋಸವಿರಲಿಲ್ಲ. ನಾವು ಏತಕ್ಕೆ ಬೇಳೆ ತಂದೆವೆಂದು ಅವರಿಗೆ ಯಾರೂ ಹೇಳಿರಲೇ ಇಲ್ಲ. ಯಾವುದೋ ಹರಕೆಯೋ ಶಾಸ್ತ್ರವೋ ಇರಬೇಕೆಂದು ತಿಳಿದು, ನೆಂಟರಿಗೆಂದು ಇಟ್ಟ ಒಳ್ಳೆಯ ನೀರನ್ನೇ ಹಾಕಿದ್ದರು. ಅತ್ತಿಗೆ ಮೆಲ್ಲಗೆ ಎದ್ದು, ಅವರನ್ನು ಸಮಾಧಾನ ಮಾಡಿ, ಆ ಚಿಕ್ಕ ಮನೆಯ ನಲ್ಲಿಯಿಂದ ಚೊಂಬು ತುಂಬಿಸಿಕೊಂಡು ಬಂದಳು. ಕುಕ್ಕರ್ ಕೂಗಿತು, ಕೂಗಿತು, ಕೂಗುತ್ತಲೇ ಇತ್ತು. ಕೊನೆಗೆ ತೆಗೆದು ನೋಡಿದರೆ ಬೇಳೆ ನಮ್ಮ ಡಬ್ಬಿಯಿಂದ ಹೊರಟಾಗ ಹೇಗಿತ್ತೋ ಹಾಗೇ ಇತ್ತು, ಒದ್ದೆಯಾಗಿತ್ತು ಅಷ್ಟೇ. ಶಾರದಮ್ಮನೇ ನಾಚಿಕೆಪಟ್ಟು, "ಇಲ್ಲಿ ಎಲ್ರೂ ಕ್ಯಾನ್ ತರಿಸ್ಕೊತಾರೆ, ಕಾರ್ಖಾನೆ ಹುಡುಗ್ರು ಆರ್ ತಿಂಗ್ಳಿಗೇ ಹೋಗ್ಬಿಡ್ತಾರೆ," ಎಂದು ಒಪ್ಪಿಕೊಂಡರು. ನಮ್ಮನ್ನು ಊಟ ಮಾಡಿಸದೆ ಕಳಿಸಲಿಲ್ಲ. ಇವತ್ತಿಗೂ ಆ ಹೆಂಗಸಿನ ಮೇಲೆ ನನಗೆ ಪ್ರೀತಿಯೇ.

ಅಡ್ವಾನ್ಸ್ ಹಣ ಸೆರಗಿನಲ್ಲೇ ಇಟ್ಟುಕೊಂಡು ವಾಪಸ್ಸು ಹೊರಟೆವು. ಅರ್ಧ ದಾರಿಯಲ್ಲಿ ಅತ್ತಿಗೆ ಗಾಡಿಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆಂದು ನಾನೂ ನಗಲು ಶುರುಮಾಡಿದೆ. ಮುಂದೆ ಹೋಗಿ ನೋಡಿದರೆ ಅಳುತ್ತಿದ್ದಾಳೆ.

"ಅಯ್ಯೋ, ಯಾಕ್ ಅತ್ತಿಗೆ? ಒಂದ್ ಮನೆ ಹೋಯ್ತು ಅಂತ ಯಾರಾದ್ರೂ ಅಳ್ತಾರಾ?"

"ಮನೆ ಹೋಗಿದ್ದಕ್ಕಲ್ಲ ಕಣೇ. ಹೋಯ್ತಲ್ಲಾ ಅಂತ ನಂಗೆ ಖುಷಿಯಾಗ್ಬಿಡ್ತು. ಅದಕ್ಕೇ ಅಳು ಬಂತು. ನಿನ್ ಹೊಟ್ಟೆಪಾಡಿನ ವಿಷ್ಯ, ನಂಗೆ ಖುಷಿ ಆಗ್ಬಹುದಾ?"

ನನಗೆ ಏನೂ ಅರ್ಥವಾಗಲಿಲ್ಲ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಪ್ರತಿ ಮನೇಲೂ ಕಿಟಕಿ ಹತ್ರ ನಿಂತ್ಕೊಂಡು ಮೆಷಿನ್ನಿಗೆ ಜಾಗ ನೋಡ್ತೀಯಲ್ಲ, ನಂಗ್ ಕಾಣ್ಸಲ್ವಾ? ಬಾಡಿಗೆಗೆ ಅಂತೀಯ. ಮನೆ ಅಂತ ಒಂದಾದ್ಮೇಲೆ ನೀನ್ ಅಲ್ಲಿಗೇ ಹೋಗ್ತೀಯ. ಇಷ್ಟ್ ವರ್ಷ ಆದ್ಮೇಲೆ ನಾನು ಅಡುಗೆಮನೇಲಿ ಒಬ್ಳೇ ಯಾರ್ ಜೊತೆ ಮಾತಾಡ್ಲಿ? ನಿಮ್ಮಣ್ಣನ್ ಜೊತೆನಾ? ಆ ಮನುಷ್ಯ ತೂಕ ಬಿಟ್ರೆ ಬೇರೆ ಏನಾದ್ರೂ ಮಾತಾಡ್ತಾನಾ?"

ನನ್ನ ಚಾಳಿ ನನಗೇ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆ ಮನೆಗೆ ಹೊರೆಯಾಗಬಾರದು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಹೊರೆಯಲ್ಲ, ಜೊತೆ ಅಂತ ಒಬ್ಬಳು ತಿಳಿದುಕೊಂಡಿದ್ದಾಳೆ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. "ನಾನ್ ಎಲ್ಲಿಗೂ ಹೋಗಲ್ಲ ಅತ್ತಿಗೆ. ನಿನ್ನಾಣೆ. ಹೋದ್ರೂ ನಿನ್ನನ್ನ ಬಿಟ್ ಹೋಗಲ್ಲ," ಅಂದೆ. ರಸ್ತೆ ಬದಿಯಲ್ಲಿ ಇಬ್ಬರು ನಡುವಯಸ್ಸಿನ ಹೆಂಗಸರು ಅಳುತ್ತ ನಿಂತದ್ದನ್ನು ನೋಡಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಬೈಕು ನಿಲ್ಲಿಸಿ, "ಪೆಟ್ರೋಲ್ ಖಾಲಿಯಾಯ್ತಾ ಅಕ್ಕಾ?" ಎಂದು ಕೇಳಿದ. ಆಗ ನಿಜವಾಗಿ ನಗು ಬಂತು.

ನಗು ನಿಂತ ಮೇಲೆ ಅತ್ತಿಗೆ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು. "ಲಕ್ಷ್ಮೀ, ಆ ಕೋಲಾರದ ಹುಡುಗಿ ನಲ್ಲಿ ನೀರಲ್ಲಿ ತಾನೇ ಇಟ್ಟಿದ್ದು?"

ಹೌದು, ನಮ್ಮ ಕಣ್ಣೆದುರಿಗೇ ನಲ್ಲಿ ತಿರುಗಿಸಿದ್ದಳು. ಬರೀ ನಲ್ಲಿ ನೀರಿನಲ್ಲಿ ಆ ಬೇಳೆ ಮೆತ್ತಗಾಗಿತ್ತು! ಅಂಥ ನೀರನ್ನು ಮೂಗು ಮುರಿದು ಬಿಟ್ಟುಬಂದು, ಊರೆಲ್ಲ ಸುತ್ತಿ ಕ್ಯಾನ್ ನೀರಿಗೆ ಮರುಳಾಗಿದ್ದೆವು. ಮನೆಗೆ ಹೋಗುವ ಬದಲು ಗಾಡಿಯನ್ನು ಕೋಲಾರದ ಕಡೆಗೆ ತಿರುಗಿಸಿದೆವು.

ಮುಬೀನಾ ಬಾಗಿಲು ತೆಗೆದು ನಮ್ಮನ್ನು ನೋಡಿ ಬಿಳುಚಿಕೊಂಡಳು. ಖಾಲಿ ಮಾಡಿಸಲು ಬಂದಿದ್ದಾರೆ ಅಂದುಕೊಂಡಿರಬೇಕು. ಈ ಸಲ ನಾನು ಕಿಟಕಿ ನೋಡಲಿಲ್ಲ. ಅವಳ ಬಕೆಟ್ಟು ನೋಡಿದೆ, ಬಿಳಿ ಪೊರೆ ತೆಳ್ಳಗಿತ್ತು. ನಲ್ಲಿಗಳು ಸರಾಗವಾಗಿ ತಿರುಗುತ್ತಿದ್ದವು. ಹಿತ್ತಲಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿತ್ತು, ಬಸ್ಸು ಕೂಗಳತೆಯಲ್ಲಿತ್ತು.

"ಎಷ್ಟ್ ವರ್ಷದಿಂದ ಇದೀಯಮ್ಮ ಇಲ್ಲಿ?" ಎಂದು ಅತ್ತಿಗೆ ಕೇಳಿದಳು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

"ಮದ್ವೆ ಆದಾಗ್ಲಿಂದ ಅಕ್ಕಾ. ನಮ್ ದೊಡ್ಡವನು ಇಲ್ಲೇ ಹುಟ್ಟಿದ್ದು."

"ಇನ್ನೂ ಇರ್ತೀಯಾ?"

"ಇರು ಅಂದ್ರೆ ಇರ್ತೀನಿ." ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು.

ಅಣ್ಣ ಖಾತೆ, ಪತ್ರ ಎಲ್ಲ ಮೂರು ಮೂರು ಸಲ ನೋಡಿಸಿದ. ಮುಂಗಾರಿನ ಮೊದಲ ಮಳೆ ಬಿದ್ದು, ಮಂಡಿಗಳು ಖಾಲಿಯಾಗಿ, ರಸ್ತೆಯಲ್ಲಿ ಕೊಳೆತ ಹಣ್ಣಿನ ಮೇಲೆ ನೊಣ ಹಾರುತ್ತಿದ್ದ ಹೊತ್ತಿಗೆ ಮನೆ ನನ್ನ ಹೆಸರಿಗಾಯಿತು. ಬಾಡಿಗೆಯವರು ಇರುವ ಮನೆಯಲ್ಲಿ ನಾನು ಹಾಲುಕ್ಕಿಸುವುದು ಹೇಗೆ ಎಂದು ಸುಮ್ಮನಿದ್ದೆ. ಮುಬೀನಾಳೇ ಹಾಲುಕ್ಕಿಸಿ, ಅದರಲ್ಲೇ ಶಾವಿಗೆ ಪಾಯಸ ಮಾಡಿ ನಮಗೆ ಬಡಿಸಿದಳು.

ಮೆಷಿನ್ ನಾಲ್ಕು ವರ್ಷದ ಹಿಂದೆ ನಿಂತಿತು. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ. ಅದರಲ್ಲಿ ಒಂದು ರೂಪಾಯಿ ಮನೆಗೆ ತೆಗೆದುಕೊಳ್ಳುವುದಿಲ್ಲವೆಂದು ಅತ್ತಿಗೆ ಹಟ ಹಿಡಿದಳು, ತೆಗೆದುಕೊಳ್ಳಲೇಬೇಕೆಂದು ನಾನು ಜಗಳವಾಡಿದೆ. ಕೊನೆಗೆ ರಾಜಿಯಾದದ್ದು ಹೀಗೆ: ಮನೆಗೆ ಬೇಕಾದ ಬೇಳೆಯೆಲ್ಲ ನನ್ನ ಬಾಡಿಗೆ ಹಣದ್ದು.

ಹೊರಗೆ ಗಾಡಿ ನಿಂತ ಸದ್ದಾಯಿತು. ಹೋಗಿ ನೋಡಿದರೆ ಅತ್ತಿಗೆ ಹಿಂದಿನ ಸೀಟಿಗೆ ಕಟ್ಟಿದ ಗಂಟು ಬಿಚ್ಚುತ್ತಿದ್ದಾಳೆ. ಎರಡು ಚಾಪೆ, ಎರಡು ತಟ್ಟೆ, ಚಿಕ್ಕ ಕುಕ್ಕರು, ಸಣ್ಣ ಗ್ಯಾಸ್ ಸ್ಟೋವು, ಮಿಡಿ ಉಪ್ಪಿನಕಾಯಿಯ ಬಾಟಲಿ. ಎಲ್ಲಕ್ಕಿಂತ ಮೇಲೆ ಅದೇ ಸ್ಟೀಲ್ ಡಬ್ಬಿ.

"ಇದೇನೇ ಅತ್ತಿಗೆ, ಸಂಸಾರಾನೇ ಹೊತ್ಕೊಂಡ್ ಬಂದಿದೀಯ!"

"ಬಾಡಿಗೆಗೆ ಅಂತ ಯಾರಿಗೂ ಹೇಳ್ಬೇಡ ಈಗ್ಲೇ. ನಾಲ್ಕ್ ದಿನ ನಾವಿಬ್ರೇ ಇದ್ ನೋಡಾಣ."

"ಅಣ್ಣ?"

"ಮಂಡಿ ಶುರುವಾಗೈತಲ್ಲ. ನಾವಿಲ್ಲ ಅಂತ ಅವ್ರಿಗೆ ಗೊತ್ತಾಗೋ ಹೊತ್ತಿಗೆ ವಾಪಸ್ ಹೋಗಿರ್ತೀವಿ."

ಸೀದಾ ನಡುಮನೆಗೆ ಬಂದು, ಕಿಟಕಿಯ ಬೆಳಕು ಬಿದ್ದಿದ್ದ ಜಾಗ ನೋಡಿ, ಅಲ್ಲೇ ಎರಡು ಚಾಪೆಯನ್ನೂ ಪಕ್ಕಪಕ್ಕ ಹಾಸಿದಳು. "ಇಲ್ಲೇ ತಾನೇ ನೀನ್ ಮೆಷಿನ್ನಿಗೆ ಜಾಗ ನೋಡಿದ್ದು?" ಎಂದು ಒಂದರ ಮೇಲೆ ಕೂತು ಕಾಲು ಚಾಚಿದಳು. ನಾನು ಕುಕ್ಕರ್ ಎತ್ತಿಕೊಂಡು, ಬೀದಿ ತುದಿಯ ಅಂಗಡಿಯಿಂದ ಒಂದು ಕ್ಯಾನ್ ನೀರು ತರಿಸಲೇ ಎಂದು ಕೇಳಿದೆ. ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ತಲೆ ಎತ್ತಿ ನೋಡಿದಳು.

"ನಲ್ಲೀದೇ ಹಿಡಿ ಲಕ್ಷ್ಮೀ. ನಾವೇನ್ ಇಲ್ಲಿ ನೆಂಟರಾ?"